ಮಾಡಿನ ಮೇಲೆ ಸೋಲಾರ್, ಮಾಡಿನ ಕೆಳಗೆ ಸೆಕೆ: ಮನೆ ಸುಧಾರಣೆಗೆ ಸರಕಾರದ ಹಣ ಹೇಗೆ ಬರಬೇಕು?

ಬೇಳದ ಕೃಷಿಕ

ನಮ್ಮ ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕ, ಪೆರ್ಲ, ಕುಂಬಳೆ ಕಡೆ ಈಗ ಮದುವೆ ಮನೆಗೆ ಹೋದರೂ ಸೋಲಾರ್‌ನದ್ದೇ ಮಾತು. ಎಷ್ಟು ಕಿಲೋವ್ಯಾಟ್ ಹಾಕಿಸಿದಿರಿ, ಸಬ್ಸಿಡಿ ಬಂತಾ, ಬಿಲ್ಲು ಎಷ್ಟು ಇಳಿಯಿತು ಅಂತ. ಒಳ್ಳೆಯ ವಿಷಯವೇ. 2024ರ ಫೆಬ್ರವರಿಯಲ್ಲಿ ಶುರುವಾದ ಪಿಎಂ ಸೂರ್ಯಘರ್ ಯೋಜನೆಗೆ ಕೇಂದ್ರ ಸರಕಾರ ತೆಗೆದಿಟ್ಟದ್ದು 75,021 ಕೋಟಿ ರೂಪಾಯಿ. ಒಂದು ಕೋಟಿ ಮನೆಗಳಿಗೆ ಮುಟ್ಟಿಸುವ ಗುರಿ. ಒಂದು ಕಿಲೋವ್ಯಾಟಿಗೆ 30,000, ಎರಡಕ್ಕೆ 60,000, ಮೂರು ಮತ್ತು ಅದಕ್ಕಿಂತ ಹೆಚ್ಚಿಗೆ 78,000 ರೂಪಾಯಿ ಸಬ್ಸಿಡಿ.

ನನ್ನ ತಕರಾರು ಸೋಲಾರ್ ಮೇಲೆ ಅಲ್ಲ, ಕ್ರಮದ ಮೇಲೆ. ಮನೆಯೊಳಗೆ ಹಳೆಯ ಫ್ಯಾನು, ಹಳೆಯ ಫ್ರಿಜ್, ಕಾದು ಕೆಂಡವಾಗುವ ಟೆರೇಸ್ ಹಾಗೇ ಇರುತ್ತವೆ. ಅಷ್ಟನ್ನೂ ಓಡಿಸಲು ಬೇಕಾಗುವಷ್ಟು ದೊಡ್ಡ ಪ್ಯಾನೆಲ್ ಲೆಕ್ಕ ಹಾಕಿ ಮಾರುತ್ತಾರೆ. ಮೊದಲು ಖರ್ಚಾಗುವ ಕರೆಂಟು ಕಡಿಮೆ ಮಾಡಿ, ಉಳಿದದ್ದಕ್ಕೆ ಸೋಲಾರ್ ಹಾಕಿದರೆ ಮೂರು ಕಿಲೋವ್ಯಾಟ್ ಬೇಕಾದ ಮನೆಗೆ ಎರಡು ಸಾಕಾಗಬಹುದು. ಆದರೆ ಆ ಮೊದಲ ಕೆಲಸಕ್ಕೆ ದುಡ್ಡು ಕೊಡುವವರೂ ಇಲ್ಲ, ಮನೆಗೆ ಬಂದು ನೋಡಿ ಹೇಳುವವರೂ ಇಲ್ಲ.

ಎರಡನೆಯದು, ಸಬ್ಸಿಡಿ ಬರುವುದು ಕೆಲಸ ಮುಗಿದು, ಲೈನಿಗೆ ಕೊಟ್ಟ ಮತ್ತು ಲೈನಿನಿಂದ ತೆಗೆದುಕೊಂಡ ಕರೆಂಟನ್ನು ಅಳೆಯುವ ನೆಟ್ ಮೀಟರ್ ಕೂತು, ತಪಾಸಣೆ ಆದ ನಂತರ. ಅಲ್ಲಿಯವರೆಗೆ ಪೂರ್ತಿ ಹಣವನ್ನು ಮನೆಯವರೇ ಹೊಂದಿಸಬೇಕು. ಅಡಿಕೆ ಕೊಟ್ಟು ಕೈಯಲ್ಲಿ ದುಡ್ಡಿದ್ದವನಿಗೆ ಆದೀತು, ಕೂಲಿ ಕೆಲಸದವರಿಗೆ? ಮೂರನೆಯದು, ಪ್ಯಾನೆಲ್ ಕೂರಿಸಿ ಹೋದ ಮೇಲೆ ಜವಾಬು ಹೇಳುವವರು ಯಾರು?

ಈ ಮೂರನ್ನೂ ಪಂಚಾಯತ್ ಮಟ್ಟದಲ್ಲಿ ಒಟ್ಟಿಗೆ ಕಟ್ಟಿದ ಯೋಜನೆಯೊಂದು ಬೇಕು ಅಂತ ನನಗೆ ಬಲವಾಗಿ ಅನಿಸುತ್ತದೆ. ಮುಂದಿನ ಗ್ರಾಮಸಭೆಗೆ ಪ್ರಸ್ತಾಪ ಬರೆಯುವ ಯೋಚನೆ ಉಂಟು. ಅನುಭವ ಇದ್ದವರು ದಯವಿಟ್ಟು ಬರೆಯಿರಿ.

ಕುಂಬಳೆ ವೈರಿಂಗ್

ಅಣ್ಣ, ನೀವು ಹೇಳಿದ ಕ್ರಮ ಸರಿ. ನಾನು ದಿನಾ ನೋಡುವುದು ಇದನ್ನೇ. ಒಂದು ಲೆಕ್ಕ ಹಾಕಿ ತೋರಿಸುತ್ತೇನೆ.

ಹಳೆಯ ಸೀಲಿಂಗ್ ಫ್ಯಾನ್ ಫುಲ್ ಸ್ಪೀಡಿನಲ್ಲಿ 75 ವ್ಯಾಟ್ ತೆಗೆದುಕೊಳ್ಳುತ್ತದೆ. ಕಡಿಮೆ ಕರೆಂಟಿನಲ್ಲಿ ತಿರುಗುವ ಹೊಸ ಬಗೆಯ ಮೋಟರಿನ ಬಿಎಲ್‌ಡಿಸಿ ಫ್ಯಾನ್ 30ರ ಒಳಗೆ. ನಮ್ಮ ಊರಿನಲ್ಲಿ ಮಾರ್ಚ್‌ನಿಂದ ಮಳೆ ಹಿಡಿಯುವವರೆಗೆ ಫ್ಯಾನ್ ದಿನಕ್ಕೆ 12 ಗಂಟೆಯಾದರೂ ತಿರುಗುತ್ತದೆ. 45 ವ್ಯಾಟ್ ಉಳಿತಾಯ ಅಂತ ಹಿಡಿದರೆ ಒಂದು ಫ್ಯಾನಿಗೆ ತಿಂಗಳಿಗೆ 16 ಯೂನಿಟ್. ನಾಲ್ಕು ಫ್ಯಾನಿಗೆ ಸುಮಾರು 65 ಯೂನಿಟ್. ಕೇರಳದ ವಿದ್ಯುತ್ ಮಂಡಳಿ ಕೆಎಸ್‌ಇಬಿಯ ಬಿಲ್ಲು ಎರಡು ತಿಂಗಳಿಗೊಮ್ಮೆ ಬರುವುದರಿಂದ ಒಂದು ಬಿಲ್ಲಿನಲ್ಲಿ 130 ಯೂನಿಟ್ ಕಡಿಮೆ.

ಈ 130 ಯಾಕೆ ಮುಖ್ಯ ಅಂದರೆ, ತಿಂಗಳಿಗೆ 250 ಯೂನಿಟ್‌ವರೆಗೆ ಮಾತ್ರ ನಮಗೆ ಮೆಟ್ಟಿಲು ಮೆಟ್ಟಿಲಾಗಿ ದರ. ಮೊದಲ 50ಕ್ಕೆ ಕಡಿಮೆ, ಮುಂದಿನ 50ಕ್ಕೆ ಸ್ವಲ್ಪ ಹೆಚ್ಚು, ಹೀಗೆ. 250 ದಾಟಿತೋ, ಮೊದಲ ಯೂನಿಟಿನಿಂದಲೇ ಎಲ್ಲದಕ್ಕೂ ಒಂದೇ ದರ. ಎರಡು ತಿಂಗಳಲ್ಲಿ 500ರ ಗಡಿ ದಾಟಿದ ಮನೆಯವರು ಮೀಟರ್ ಕೆಟ್ಟಿದೆ ಅಂತ ಸೆಕ್ಷನ್ ಆಫೀಸಿಗೆ ದೂರು ಕೊಡಲು ಹೋಗುತ್ತಾರೆ. ಮೀಟರ್ ಸರಿಯಾಗಿಯೇ ಇರುತ್ತದೆ. ಅಂಥ ಎಷ್ಟೋ ಮನೆಗಳಲ್ಲಿ ಫ್ಯಾನ್ ಬದಲಿಸಿದ್ದರೇ ಸಾಕಿತ್ತು.

ಇನ್ನೊಂದು ಸಂಗತಿ ಎಲ್ಲರೂ ತಿಳಿದುಕೊಳ್ಳಲೇಬೇಕು. ಸಬ್ಸಿಡಿಯಲ್ಲಿ ಸಾಮಾನ್ಯವಾಗಿ ಹಾಕುವ, ಬ್ಯಾಟರಿ ಇಲ್ಲದೆ ನೇರ ಲೈನಿಗೆ ಜೋಡಿಸುವ ಆನ್‌ಗ್ರಿಡ್ ಸೋಲಾರ್, ಲೈನಿನಲ್ಲಿ ಕರೆಂಟು ಹೋದ ಕೂಡಲೇ ತಾನೂ ನಿಲ್ಲುತ್ತದೆ. ಕಂಬದ ಮೇಲೆ ಲೈನ್‌ಮ್ಯಾನ್ ಕೆಲಸ ಮಾಡುವಾಗ ನಿಮ್ಮ ಮನೆಯಿಂದ ಕರೆಂಟು ಹರಿದು ಅವನ ಜೀವಕ್ಕೆ ಅಪಾಯ ಆಗಬಾರದು ಅಂತ ಇನ್ವರ್ಟರನ್ನು ಹಾಗೆಯೇ ಮಾಡಿರುವುದು. ಮಳೆಗಾಲದಲ್ಲಿ ಮರ ಬಿದ್ದು ಕರೆಂಟು ಹೋದಾಗ ಮನೆ ಬೆಳಗಬೇಕಾದರೆ ಬ್ಯಾಟರಿ ಇರುವ ಹೈಬ್ರಿಡ್ ಬೇಕು, ಅದರ ಖರ್ಚು ಬೇರೆ. ಇದನ್ನು ಮಾರುವವರು ಮೊದಲೇ ಹೇಳುವುದು ಕಡಿಮೆ.

ಮುಳ್ಳೇರಿಯದ ಗೃಹಿಣಿ

ನಮ್ಮ ಮನೆಯ ಕತೆ ಬರೆಯುತ್ತೇನೆ, ಬೇರೆಯವರಿಗೆ ಉಪಯೋಗ ಆಗಲಿ. ಏಜೆನ್ಸಿಯ ಹೆಸರು ಹಾಕುವುದಿಲ್ಲ.

ಟೆರೇಸಿಗೆ ನೇರ ತೂತು ಕೊರೆದು ಸ್ಟ್ಯಾಂಡ್ ಕೂರಿಸಿದರು. ಬೇಸಗೆಯಲ್ಲಿ ಎಲ್ಲ ಚಂದ ಇತ್ತು, ಸಬ್ಸಿಡಿಯೂ ಖಾತೆಗೆ ಬಂತು. ಜೂನ್ ಮಳೆ ಸುರಿದದ್ದೇ ಮಲಗುವ ಕೋಣೆಯ ಸ್ಲ್ಯಾಬಿನಲ್ಲಿ ಒದ್ದೆ ಕಾಣಿಸಿತು. ನಮ್ಮ ಜಿಲ್ಲೆಯ ಮಳೆ ಗೊತ್ತಲ್ಲ, ವರ್ಷಕ್ಕೆ ಮೂರು ಸಾವಿರ ಮಿಲಿಮೀಟರ್ ದಾಟುತ್ತದೆ. ಫೋನ್ ಮಾಡಿದರೆ ಮೊದಮೊದಲು ನಾಳೆ ಬರುತ್ತೇವೆ ಅಂದರು, ಆಮೇಲೆ ಎತ್ತುವುದನ್ನೇ ಬಿಟ್ಟರು. ಕೊನೆಗೆ ನಮ್ಮ ಖರ್ಚಿನಲ್ಲೇ ವಾಟರ್‌ಪ್ರೂಫಿಂಗ್ ಮಾಡಿಸಿದೆವು. ಉಳಿತಾಯ ಆಗುತ್ತದೆ ಅಂದುಕೊಂಡ ಹಣದ ಒಂದು ಪಾಲು ಅಲ್ಲಿಗೇ ಹೋಯಿತು.

ಫಾರಂ ತುಂಬಿಸಲು ಸರಕಾರಿ ಅರ್ಜಿಗಳನ್ನು ಆನ್‌ಲೈನ್ ಹಾಕಿಕೊಡುವ ಅಕ್ಷಯ ಕೇಂದ್ರಕ್ಕೆ ಹೋದಾಗ ಇನ್ನೊಂದು ತೊಡಕು ಬಂತು. ಕರೆಂಟ್ ಕನೆಕ್ಷನ್ ಇನ್ನೂ ತೀರಿಹೋದ ಮಾವನವರ ಹೆಸರಲ್ಲಿತ್ತು. ಮೊದಲು ಅದನ್ನು ಬದಲಿಸಬೇಕಾಯಿತು. ಆಧಾರ್‌ನಲ್ಲಿ ಒಂದು ರೀತಿ, ಬಿಲ್ಲಿನಲ್ಲಿ ಇನ್ನೊಂದು ರೀತಿ ಹೆಸರು. ಕಾಗದವೆಲ್ಲ ಮಲೆಯಾಳದಲ್ಲಿ ಅಥವಾ ಇಂಗ್ಲಿಷಿನಲ್ಲಿ. ನನಗೆ ಎರಡೂ ಅಷ್ಟಕ್ಕಷ್ಟೇ. ಕರಾರಿನಲ್ಲಿ ಏನು ಬರೆದಿದೆ ಅಂತ ಗೊತ್ತಿಲ್ಲದೆಯೇ ಸಹಿ ಹಾಕುವ ಪರಿಸ್ಥಿತಿ ಯಾವ ಹೆಂಗಸಿಗೂ ಬರಬಾರದು.

ಕುಂಬಳೆ ವೈರಿಂಗ್

ಅಕ್ಕ, ಬೇಸರ ಆಯಿತು ಓದಿ. ಯೋಜನೆಯ ಕರಾರಿನ ಪ್ರಕಾರ ಸೋಲಾರ್ ಹಾಕಿದವರು ಐದು ವರ್ಷ ನಿರ್ವಹಣೆ ನೋಡಿಕೊಳ್ಳಬೇಕು. ಆ ಕರಾರಿನ ಪ್ರತಿ ನಿಮ್ಮ ಹತ್ತಿರ ಇದ್ದರೆ ರಾಷ್ಟ್ರೀಯ ಪೋರ್ಟಲ್‌ನಲ್ಲೇ ದೂರು ದಾಖಲಿಸಬಹುದು. ಸೋರಿದ ಸ್ಲ್ಯಾಬಿನ ಫೋಟೋ, ನೀವು ಕೊಟ್ಟ ಖರ್ಚಿನ ಬಿಲ್ಲು ಎರಡನ್ನೂ ಸೇರಿಸಿ.

ಇನ್ನು ಹಾಕಿಸುವವರಿಗೆ ಹೇಳುವುದಾದರೆ, ಟೆರೇಸಿಗೆ ತೂತು ಕೊರೆಯಲು ಬಿಡಬೇಡಿ. ಕಾಂಕ್ರೀಟ್ ಬ್ಲಾಕಿನ ತೂಕದ ಮೇಲೆ ಸ್ಟ್ಯಾಂಡ್ ನಿಲ್ಲಿಸಬಹುದು, ಗಾಳಿಯ ಲೆಕ್ಕ ಹಾಕಿ ತೂಕ ನಿರ್ಧರಿಸಬೇಕು. ಟೆರೇಸ್ ಮೇಲೆ ಆಗಲೇ ಕಬ್ಬಿಣದ ಟ್ರಸ್ ಹಾಕಿ ಶೀಟ್ ಹೊದೆಸಿದ್ದರೆ ಅದಕ್ಕೇ ಕಟ್ಟಬಹುದು, ಆದರೆ ಪೈಪಿಗೆ ತುಕ್ಕು ಹಿಡಿದಿದೆಯೋ ಅಂತ ಮೊದಲು ನೋಡಬೇಕು. ಹಂಚಿನ ಮಾಡಾದರೆ ಪಕ್ಕಾಸು, ರೀಪುಗಳಲ್ಲಿ ಗೆದ್ದಲು ಇದೆಯೋ ನೋಡದೆ ಭಾರ ಏರಿಸಲೇಬಾರದು.

ಅರ್ಥಿಂಗ್ ಮತ್ತು ಮಿಂಚು ತಡೆಯುವ ಅರೆಸ್ಟರ್ ವಿಷಯದಲ್ಲಿ ರಾಜಿ ಬೇಡ. ತುಲಾ ತಿಂಗಳ ಸಂಜೆಯ ಗುಡುಗು ಮಿಂಚಿಗೆ ನಮ್ಮಲ್ಲಿ ಎಷ್ಟು ಟಿವಿ, ಮೋಟರು ಸುಟ್ಟುಹೋಗುತ್ತವೆ ಅಂತ ಎಲ್ಲರಿಗೂ ಗೊತ್ತು. ಕೊಟೇಶನ್ ಕಡಿಮೆ ಮಾಡಲು ಮೊದಲು ಕತ್ತರಿ ಬೀಳುವುದು ಇದಕ್ಕೇ. ಕೊಟೇಶನ್ ನೋಡುವಾಗ ತೆರಿಗೆಯನ್ನೂ ನೋಡಿ. 2025ರ ಸೆಪ್ಟೆಂಬರ್ 22ರಿಂದ ಸೋಲಾರ್ ಸಲಕರಣೆಗಳ ಜಿಎಸ್‌ಟಿ 12ರಿಂದ ಶೇಕಡಾ 5ಕ್ಕೆ ಇಳಿದಿದೆ.

ಉಪ್ಪಳದ ಆರ್ಕಿಟೆಕ್ಚರ್ ವಿದ್ಯಾರ್ಥಿನಿ

ಸೆಕೆಯ ವಿಷಯಕ್ಕೆ ಬರುತ್ತೇನೆ, ಅದನ್ನು ಯಾರೂ ಇನ್ನೂ ಮುಟ್ಟಿಲ್ಲ.

ಕಾಸರಗೋಡು ಇರುವುದು ಸುಮಾರು 12.5 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಏಪ್ರಿಲ್ ಕೊನೆಯ ವಾರದ ಹೊತ್ತಿಗೆ ಮಧ್ಯಾಹ್ನದ ಸೂರ್ಯ ಸರಿಯಾಗಿ ನೆತ್ತಿಯ ಮೇಲಿರುತ್ತಾನೆ. ಆಗ ಗೋಡೆಗೆ ಬೀಳುವ ಬಿಸಿಲು ಕಡಿಮೆ, ಎಲ್ಲ ಮಾಡಿಗೇ. ನಮ್ಮ ಮುರಕಲ್ಲಿನ ಗೋಡೆ ದಪ್ಪ ಇರುವುದರಿಂದ ತಕ್ಕಮಟ್ಟಿಗೆ ತಡೆಯುತ್ತದೆ. ಮೊದಲಿನ ಹಂಚಿನ ಮಾಡು ಕಾದರೂ ಸಂದಿಯಿಂದ ಬಿಸಿಗಾಳಿ ಹೊರಗೆ ಹೋಗುತ್ತಿತ್ತು, ಸಂಜೆ ಬೇಗ ತಣಿಯುತ್ತಿತ್ತು. ಈಗಿನ ಕಾಂಕ್ರೀಟಿನ ಆರ್‌ಸಿಸಿ ಸ್ಲ್ಯಾಬ್ ಹಾಗಲ್ಲ. ಹಗಲಿಡೀ ಹೀರಿದ ಶಾಖವನ್ನು ರಾತ್ರಿ ಮಲಗುವ ಹೊತ್ತಿಗೆ ಕೋಣೆಯೊಳಗೆ ಬಿಡುತ್ತದೆ. ಆ ಬಿಸಿಗಾಳಿಯನ್ನೇ ಫ್ಯಾನ್ ಕೆಳಗೆ ತಳ್ಳುತ್ತದೆ. ತಡೆಯಲಾಗದೆ ಜನ ಸಾಲ ಮಾಡಿ ಎಸಿ ತರುತ್ತಾರೆ, ಆ ಎಸಿ ಓಡಿಸಲು ಮತ್ತೆ ದೊಡ್ಡ ಸೋಲಾರ್ ಹಾಕಿಸುತ್ತಾರೆ.

ಇದನ್ನು ತಡೆಯುವ ದಾರಿಗಳು ಸರಳ. ಟೆರೇಸಿಗೆ ಬಿಸಿಲು ಹಿಂದಿರುಗಿಸುವ ಬಿಳಿ ಲೇಪ. ಅಥವಾ ಸ್ಲ್ಯಾಬಿನ ಮೇಲೆ ನೆರಳು, ಆದರೆ ಮಧ್ಯೆ ಗಾಳಿ ಆಡುವಂತಿರಬೇಕು. ನಮ್ಮಲ್ಲಿ ಮಳೆಗೆ ಅಂತ ಟ್ರಸ್ ಶೀಟ್ ಹಾಕುತ್ತಾರಲ್ಲ, ನಾಲ್ಕೂ ಬದಿ ಮುಚ್ಚದೆ ಬಿಟ್ಟರೆ ಅದೇ ಒಳ್ಳೆಯ ನೆರಳು. ಸೋಲಾರ್ ಪ್ಯಾನೆಲ್ ಕೂಡ ತಾನು ನಿಂತ ಜಾಗಕ್ಕೆ ನೆರಳು ಕೊಡುತ್ತದೆ. ಹಾಗಾಗಿ ಎಲ್ಲಿ ಕೂರಿಸಬೇಕು ಅನ್ನುವಾಗ ಮಲಗುವ ಕೋಣೆಯ ಮೇಲೆ ಬರುವಂತೆ ಯೋಚಿಸಿದರೆ ಎರಡು ಲಾಭ.

ಸರಕಾರದ ಬಳಿ ನಿಯಮ ಇಲ್ಲ ಅಂತಲ್ಲ. ಬ್ಯೂರೋ ಆಫ್ ಎನರ್ಜಿ ಎಫಿಶಿಯೆನ್ಸಿ 2018ರ ಡಿಸೆಂಬರ್‌ನಲ್ಲೇ ವಾಸದ ಮನೆಗಳಿಗೆ ಇಕೋ ನಿವಾಸ್ ಸಂಹಿತೆ ತಂದಿದೆ. ಮಾಡಿನ ಮೂಲಕ ಎಷ್ಟು ಶಾಖ ಒಳಗೆ ಬರಬಹುದು ಅನ್ನುವುದಕ್ಕೆ ಅದರಲ್ಲಿ ಮಿತಿ ಇದೆ. ನಮ್ಮಂಥ ಬಿಸಿ ಮತ್ತು ತೇವದ ಊರುಗಳಲ್ಲಿ ತೆರೆಯಬಹುದಾದ ಕಿಟಕಿ ಬಾಗಿಲುಗಳ ಜಾಗ ನೆಲದ ಆರನೇ ಒಂದು ಭಾಗವಾದರೂ ಇರಬೇಕು ಅಂತಲೂ ಹೇಳಿದೆ. ಆದರೆ ಅದರ ಗಮನ ಹೊಸ ಕಟ್ಟಡಗಳ ಮೇಲೆ. ಈಗಾಗಲೇ ಕಟ್ಟಿ ಜನ ವಾಸವಿರುವ ಮನೆಯ ಮಾಡಿಗೆ ಸೋಲಾರ್‌ಗೆ ಕೊಟ್ಟ ಹಾಗೆ ಮನೆಯವರ ಖಾತೆಗೆ ಬರುವ ಸಬ್ಸಿಡಿ ಇಲ್ಲ. ತೆಲಂಗಾಣ 2023ರಲ್ಲಿ ತಂಪು ಮಾಡಿಗೆ ಅಂತಲೇ ಒಂದು ನೀತಿ ತಂದಿತು. ನಮ್ಮ ಜಿಲ್ಲೆಯಿಂದಲೂ ಆ ಬೇಡಿಕೆ ಏಳಬೇಕು.

ಪೆರ್ಲದ ಟೀಚರ್

ತಂಗಿ, ನೀನು ಮಾಡಿನ ಮಾತು ತೆಗೆದದ್ದು ಒಳ್ಳೆಯದಾಯಿತು. ನಾನು ಎಣ್ಮಕಜೆ ಪಂಚಾಯತಿನವಳು. ಇಲ್ಲಿ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಲ್ಲಿ ಎಂಡೋಸಲ್ಫಾನ್ ಕೀಟನಾಶಕ ಸಿಂಪಡಿಸಿದ ಕತೆ ದೇಶಕ್ಕೇ ಗೊತ್ತು. ಸಿಂಪಡಣೆ ನಿಂತು ಇಪ್ಪತ್ತು ವರ್ಷದ ಮೇಲಾಯಿತು, ಆದರೆ ಹಾಸಿಗೆಯಲ್ಲೇ ಬೆಳೆದು ದೊಡ್ಡವರಾದ ಮಕ್ಕಳು ಈಗಲೂ ಮನೆಮನೆಯಲ್ಲಿದ್ದಾರೆ. ಮಗ್ಗುಲು ಬದಲಿಸಲೂ ಅಮ್ಮನೇ ಬೇಕು ಅನ್ನುವ ಮಕ್ಕಳು.

ಅವರಲ್ಲಿ ಹಲವರ ಮನೆ ಸರಕಾರದ ನೆರವಿನಿಂದ ಕಟ್ಟಿದ್ದು. ರಾಜ್ಯ ಸರಕಾರದ ವಸತಿ ಯೋಜನೆಯಾದ ಲೈಫ್ ಮಿಷನ್ ಮನೆ ಅಂದರೆ ನಾಲ್ಕು ಲಕ್ಷ ರೂಪಾಯಿ, ನಾನೂರರ ಆಸುಪಾಸು ಚದರಡಿ, ಮೇಲೆ ಬರಿಯ ಸ್ಲ್ಯಾಬ್. ಏಪ್ರಿಲ್ ತಿಂಗಳ ಮಧ್ಯಾಹ್ನ ಅಂಥ ಕೋಣೆಯಲ್ಲಿ ಹತ್ತು ನಿಮಿಷ ಕೂತರೆ ನಮಗೆ ಮೈಯೆಲ್ಲ ಬೆವರು. ಎದ್ದು ಹೊರಗೆ ಹೋಗಲಾರದ ಮಗುವಿಗೆ ಹೇಗಿದ್ದೀತು? ಬೆವರಿ ಬೆವರಿ ಬೆನ್ನಿನ ಚರ್ಮ ಒಡೆಯುತ್ತದೆ. ಅದು ಹುಣ್ಣಾದರೆ ಮತ್ತೆ ಆಸ್ಪತ್ರೆ.

ಈ ಮನೆಗಳಿಗೆ ಸೋಲಾರ್ ಯೋಜನೆ ತಲುಪುವುದಿಲ್ಲ. ಯಾಕೆ ಅಂತ ಹೇಳುತ್ತೇನೆ. ಎಂಡೋಸಲ್ಫಾನ್ ಸಂತ್ರಸ್ತರ ಮನೆಗಳಿಗೆ ತಿಂಗಳಿಗೆ 150 ಯೂನಿಟ್‌ವರೆಗೆ ರಿಯಾಯಿತಿ ದರ ಉಂಟು. ಅದು ಬೇಕಾದದ್ದೇ. ಆದರೆ ಬಿಲ್ಲು ಸಣ್ಣದು ಅಂದ ಮೇಲೆ ಬಿಲ್ಲಿನ ಉಳಿತಾಯವೂ ಸಣ್ಣದೇ. ಉಳಿತಾಯದಿಂದ ಸಾಲ ತೀರಿಸಿ ಅನ್ನುವ ಯಾವ ಲೆಕ್ಕವೂ ಇಲ್ಲಿ ಕೂಡುವುದಿಲ್ಲ. ಇವರಿಗೆ ಬೇಕಾದದ್ದು ಬಿಲ್ಲು ಕಡಿಮೆ ಆಗುವುದಲ್ಲ, ಕೋಣೆ ತಣ್ಣಗಾಗುವುದು. ಅದಕ್ಕೆ ಸಾಲ ಅಲ್ಲ, ಪೂರ್ತಿ ಅನುದಾನವೇ ಬೇಕು. ಒಂದು ಬಿಳಿ ಲೇಪ, ಎರಡು ಒಳ್ಳೆಯ ಫ್ಯಾನು, ಒಂದು ಕಿಟಕಿ ದೊಡ್ಡದು ಮಾಡುವುದು. ಇಷ್ಟಕ್ಕೆ ಸೋಲಾರ್ ಸಬ್ಸಿಡಿಯಷ್ಟು ದೊಡ್ಡ ಹಣ ಬೇಡ. ಕೊಡಲು ಬಜೆಟಿನಲ್ಲಿ ಲೆಕ್ಕಶೀರ್ಷಿಕೆ ಇಲ್ಲ ಅನ್ನುವ ಕಾರಣಕ್ಕೆ ನಿಂತಿದೆ ಅಷ್ಟೇ.

ಬೇಳದ ಅಣ್ಣ, ನಿಮ್ಮ ಪ್ರಸ್ತಾಪದಲ್ಲಿ ಇದು ಮೊದಲು ಬರಬೇಕು, ಕೊನೆಗಲ್ಲ.

ಡಬ್ಲಿನ್‌ನಲ್ಲಿರುವ ಮಂಜೇಶ್ವರದವ

ಟೀಚರ್ ಹೇಳಿದ್ದು ಇಲ್ಲಿಯ ಅನುಭವಕ್ಕೂ ಹೊಂದುತ್ತದೆ. ಹೆಂಡತಿ ಇಲ್ಲಿ ನರ್ಸ್, ನಾವು ಹಳೆಯ ಮನೆ ತೆಗೆದುಕೊಂಡು ಸರಿಮಾಡಿಸಿದವರು. ಐರ್ಲೆಂಡ್‌ನಲ್ಲಿ ಸಮಸ್ಯೆ ಚಳಿಯದ್ದು, ನಮ್ಮೂರಿನದ್ದು ಸೆಕೆಯದ್ದು. ಆದರೆ ಹಣ ಹೇಗೆ ಹರಿಯಬೇಕು, ಕೆಲಸ ಯಾರು ಮಾಡಿಸಬೇಕು ಅನ್ನುವ ಪ್ರಶ್ನೆ ಒಂದೇ.

ಇಲ್ಲಿ 2030ರೊಳಗೆ ಐದು ಲಕ್ಷ ಮನೆಗಳನ್ನು ಸುಧಾರಿಸುವ ಗುರಿ. 2022ರ ಫೆಬ್ರವರಿಯಲ್ಲಿ ದೊಡ್ಡ ಯೋಜನೆ ಘೋಷಿಸಿದರು. ಅದರಲ್ಲಿ ನನಗೆ ತುಂಬ ಹಿಡಿಸಿದ್ದು ಒಂದೇ ಕಡೆ ಎಲ್ಲ ಕೆಲಸ ಆಗುವ ವ್ಯವಸ್ಥೆ. ಸರಕಾರದಲ್ಲಿ ನೋಂದಾಯಿಸಿದ ಒಂದು ಸಂಸ್ಥೆ ಬಂದು ಮನೆ ಪರೀಕ್ಷೆ ಮಾಡುತ್ತದೆ. ಏನು ಮೊದಲು, ಏನು ಆಮೇಲೆ ಅಂತ ಪಟ್ಟಿ ಕೊಡುತ್ತದೆ. ಅನುದಾನದ ಅರ್ಜಿ ಅವರೇ ಹಾಕುತ್ತಾರೆ, ಕೆಲಸದವರನ್ನೂ ಅವರೇ ತರುತ್ತಾರೆ. ಕೊನೆಗೆ ಮನೆ ಎಷ್ಟು ಇಂಧನ ಉಳಿಸುತ್ತದೆ ಅನ್ನುವುದಕ್ಕೆ ಮತ್ತೆ ಶ್ರೇಣಿ ಕೊಡಿಸುತ್ತಾರೆ. ಎಲ್ಲಕ್ಕಿಂತ ಮುಖ್ಯ, ಅನುದಾನದ ಮೊತ್ತವನ್ನು ಬಿಲ್ಲಿನಲ್ಲೇ ಕಳೆದು ಉಳಿದದ್ದನ್ನು ಮಾತ್ರ ನಮ್ಮಿಂದ ಕೇಳುತ್ತಾರೆ. ಮೊದಲು ಪೂರ್ತಿ ಕೊಟ್ಟು ಆಮೇಲೆ ಕಾಯುವ ಕಷ್ಟ ಇಲ್ಲ. 2024ರ ಏಪ್ರಿಲ್‌ನಿಂದ ಇದಕ್ಕೆ ಸರಕಾರದ ಖಾತರಿಯ ಕಡಿಮೆ ಬಡ್ಡಿ ಸಾಲವೂ ಬಂದಿದೆ. ತೀರಾ ಕಷ್ಟದಲ್ಲಿರುವವರಿಗೆ ಪೂರ್ತಿ ಉಚಿತವಾಗಿ ಮಾಡಿಕೊಡುವ ಬೇರೆಯೇ ಯೋಜನೆ ಉಂಟು, ಅದರ ಸಾಲು ಮಾತ್ರ ಉದ್ದ.

ಪಕ್ಕದ ಬ್ರಿಟನ್‌ನಲ್ಲಿ ಎಡವಿದ್ದನ್ನೂ ನೋಡಬೇಕು. 2013ರಲ್ಲಿ ಅವರು ಗ್ರೀನ್ ಡೀಲ್ ಅಂತ ತಂದರು. ಸಾಲವನ್ನು ವ್ಯಕ್ತಿಗಲ್ಲ, ಮನೆಯ ಕರೆಂಟ್ ಬಿಲ್ಲಿಗೆ ಕಟ್ಟುವುದು, ಕಂತು ಉಳಿತಾಯಕ್ಕಿಂತ ಹೆಚ್ಚಾಗಬಾರದು ಅನ್ನುವುದು ನಿಯಮ. ಕೇಳಲು ಚಂದ. ಆದರೆ ಬಡ್ಡಿ ಜಾಸ್ತಿ, ಕಾಗದಪತ್ರ ಜಾಸ್ತಿ, ಜನ ಬರಲೇ ಇಲ್ಲ. 2015ರಲ್ಲಿ ಸರಕಾರ ಹಣ ನಿಲ್ಲಿಸಿತು. ಆಮೇಲೆ ಬೇರೆ ಯೋಜನೆಯಡಿ ಮನೆಗಳ ಹೊರಗೋಡೆಗೆ ಶಾಖ ತಡೆಯುವ ಪದರ ಹೊದೆಸಿದರು. 2025ರ ಅಕ್ಟೋಬರ್‌ನಲ್ಲಿ ಅಲ್ಲಿಯ ರಾಷ್ಟ್ರೀಯ ಲೆಕ್ಕಪರಿಶೋಧನಾ ಕಚೇರಿ ಕೊಟ್ಟ ವರದಿ ಓದಿ ಗಾಬರಿಯಾಯಿತು. ಅಂಥ ಕೆಲಸಗಳಲ್ಲಿ ಶೇಕಡಾ 98ರಷ್ಟಕ್ಕೆ ಮತ್ತೆ ಸರಿಪಡಿಸಬೇಕಾದ ದೋಷಗಳಿದ್ದವು. ಗೋಡೆಯಲ್ಲಿ ತೇವ, ಬೂಸಲು. ಹಣ ಇತ್ತು, ಯೋಜನೆ ಇತ್ತು, ಕೆಲಸ ನೋಡಿ ಸರಿ ಅನ್ನುವ ಕಣ್ಣು ಇರಲಿಲ್ಲ. ಮುಳ್ಳೇರಿಯದ ಅಕ್ಕ ಬರೆದ ಸ್ಲ್ಯಾಬಿನ ಕತೆಯೂ ಅದೇ.

ನಿವೃತ್ತ ಸೊಸೈಟಿ ಸೆಕ್ರೆಟರಿ

ಸಾಲದ ವಿಷಯ ನನಗೆ ಗೊತ್ತಿರುವುದು. ಬರೆಯುತ್ತೇನೆ.

ಮೂರು ಕಿಲೋವ್ಯಾಟಿನ ವ್ಯವಸ್ಥೆಗೆ ನಮ್ಮ ಕಡೆ ಎರಡು ಲಕ್ಷದ ಆಸುಪಾಸು ಹೇಳುತ್ತಾರೆ. 78,000 ಸಬ್ಸಿಡಿ ಕಳೆದರೆ ಸುಮಾರು 1,20,000. ಸೂರ್ಯಘರ್ ಯೋಜನೆಯಲ್ಲಿ ರಾಷ್ಟ್ರೀಕೃತ ಬ್ಯಾಂಕುಗಳು ಮೂರು ಕಿಲೋವ್ಯಾಟ್‌ವರೆಗೆ ಅಡವಿಲ್ಲದೆ ಸಾಲ ಕೊಡುತ್ತವೆ, ಬಡ್ಡಿ ರೆಪೋ ದರಕ್ಕಿಂತ, ಅಂದರೆ ರಿಸರ್ವ್ ಬ್ಯಾಂಕ್ ಬ್ಯಾಂಕುಗಳಿಗೆ ಸಾಲ ಕೊಡುವ ದರಕ್ಕಿಂತ, ಅರ್ಧ ಶೇಕಡಾ ಮೇಲೆ. ಯೋಜನೆ ಘೋಷಣೆಯಾದಾಗ ಅದು 7ರ ಹತ್ತಿರ ಇತ್ತು. ಶೇಕಡಾ 7 ಅಂತಲೇ ಹಿಡಿದರೆ 1,20,000ಕ್ಕೆ ಐದು ವರ್ಷದ ಕಂತು ತಿಂಗಳಿಗೆ 2,380 ರೂಪಾಯಿಯ ಹತ್ತಿರ. ಹತ್ತು ವರ್ಷ ಮಾಡಿದರೆ 1,400ರ ಒಳಗೆ. ತಿಂಗಳಿಗೆ 250 ಯೂನಿಟ್ ಖರ್ಚು ಮಾಡುವ ಮನೆಗೆ ಹತ್ತು ವರ್ಷದ ಕಂತು ಹೊರೆಯಾಗುವುದಿಲ್ಲ, ಬಿಲ್ಲಿಗೆ ಕೊಡುವ ಹಣವನ್ನೇ ಕಂತಿಗೆ ಕೊಟ್ಟ ಹಾಗೆ. 100 ಯೂನಿಟ್ ಖರ್ಚಿನ ಮನೆಗೆ ಐದು ವರ್ಷದ್ದೂ ಬೇಡ, ಹತ್ತು ವರ್ಷದ್ದೂ ಬೇಡ. ಅವರು ಫ್ಯಾನು, ಬಲ್ಬು, ಮಾಡು ಇಷ್ಟನ್ನೇ ಮಾಡಿಸಬೇಕು. ಟೀಚರ್ ಹೇಳಿದ ಮಾತು ಅದೇ, ಲೆಕ್ಕದಲ್ಲಿಯೂ ಅದೇ ಬರುತ್ತದೆ.

ಬ್ಯಾಂಕಿನವರು ಸಾಲ ಕೊಡುವುದು ಸೋಲಾರಿಗೆ. ಫ್ಯಾನ್ ಬದಲಿಸಲು, ಟೆರೇಸಿಗೆ ಲೇಪ ಹಚ್ಚಲು ಹದಿನೈದು ಇಪ್ಪತ್ತು ಸಾವಿರ ಬೇಕು ಅಂದರೆ ಅದಕ್ಕೆ ಪ್ರತ್ಯೇಕ ಸಾಲ ಅಂತ ಇಲ್ಲ, ಜನ ಚಿನ್ನ ಅಡವಿಡುತ್ತಾರೆ. ಇಲ್ಲಿ ನಮ್ಮ ಸರ್ವಿಸ್ ಸಹಕಾರಿ ಬ್ಯಾಂಕುಗಳು, ಹೆಂಗಸರ ಸ್ವಸಹಾಯದ ಕುಟುಂಬಶ್ರೀ ಗುಂಪುಗಳು ಮಧ್ಯೆ ಬರಬೇಕು. ಸದಸ್ಯರ ಪರಿಚಯ ಇರುವುದು ಅವರಿಗೆ. ಸಬ್ಸಿಡಿ ಬರುವವರೆಗಿನ ಕೈಸಾಲವನ್ನೂ ಅವರೇ ಕೊಡಬಹುದು. ಒಂದು ಶರತ್ತು ಮಾತ್ರ ಗಟ್ಟಿ ಇರಬೇಕು. ಕೆಲಸ ಮಾಡಿದವರಿಗೆ ಪೂರ್ತಿ ಹಣ ಒಮ್ಮೆಲೇ ಕೊಡಬಾರದು. ಒಂದು ಪಾಲು ಸೊಸೈಟಿಯಲ್ಲೇ ಉಳಿದು, ಒಂದು ಮಳೆಗಾಲ ದಾಟಿ, ಮಾಡು ಸೋರಲಿಲ್ಲ ಅಂತ ಮನೆಯವರು ಸಹಿ ಹಾಕಿದ ಮೇಲೆ ಹೋಗಬೇಕು.

ಬೇಳದ ಕೃಷಿಕ

ಸೆಕ್ರೆಟರಿಯವರೇ, ಈ ಮಳೆಗಾಲದ ಶರತ್ತನ್ನು ಹಾಗೆಯೇ ಬರೆದುಕೊಂಡೆ. ನಮ್ಮ ಊರಿಗೆ ಇದಕ್ಕಿಂತ ಒಳ್ಳೆಯ ಪರೀಕ್ಷೆ ಇಲ್ಲ.

ಪಂಚಾಯತಿನಿಂದ ಆಗುತ್ತದಾ ಅಂತ ಕೆಲವರು ಖಾಸಗಿಯಾಗಿ ಕೇಳಿದರು. ನಮ್ಮ ಜಿಲ್ಲೆಯಲ್ಲೇ ಆಗಿದೆ. ತೆಂಕಣದ ಪಿಲಿಕ್ಕೋಡ್ ಪಂಚಾಯತ್ ಹಳೆಯ ತಂತಿ ಬಲ್ಬುಗಳನ್ನು ಪೂರ್ತಿ ಬಿಟ್ಟ ದೇಶದ ಮೊದಲ ಪಂಚಾಯತ್ ಅನ್ನಿಸಿಕೊಂಡಿತು, 2020ರ ಬಜೆಟ್ ಭಾಷಣದಲ್ಲಿ ರಾಜ್ಯದ ಹಣಕಾಸು ಮಂತ್ರಿಗಳೇ ಅದನ್ನು ಹೇಳಿದರು. ಮರುವರ್ಷ ಕೆಎಸ್‌ಇಬಿ ರಾಜ್ಯದಾದ್ಯಂತ ಎಲ್‌ಇಡಿ ಬಲ್ಬು ಹಂಚಿದಾಗ ಹಣವನ್ನು ಕರೆಂಟ್ ಬಿಲ್ಲಿನ ಜೊತೆ ಕಂತಾಗಿ ಕೊಡಲು ಬಿಟ್ಟರು. ಅಂದರೆ ಬಿಲ್ಲಿನ ಮೂಲಕ ವಸೂಲು ಮಾಡುವ ದಾರಿ ಕೆಎಸ್‌ಇಬಿಗೆ ಹೊಸತಲ್ಲ. ಅದೇ ದಾರಿಯಲ್ಲಿ ಬಿಎಲ್‌ಡಿಸಿ ಫ್ಯಾನು ಯಾಕೆ ಬರಬಾರದು?

ಒಟ್ಟಿಗೆ ಕೊಂಡರೆ ಬೆಲೆ ಎಷ್ಟು ಇಳಿಯುತ್ತದೆ ಅನ್ನುವುದಕ್ಕೂ ಉದಾಹರಣೆ ಉಂಟು. ಕೇಂದ್ರದ ಎಲ್‌ಇಡಿ ಯೋಜನೆಯಲ್ಲಿ 2014ರ ಆರಂಭದಲ್ಲಿ ಸರಕಾರ ಒಂದು ಬಲ್ಬು ಕೊಂಡ ಬೆಲೆ 310 ರೂಪಾಯಿ. 2016ಕ್ಕೆ ಅದು 38ಕ್ಕೆ ಬಂತು. ಬೇಡಿಕೆಯನ್ನೆಲ್ಲ ಒಂದೇ ಕಡೆ ಕೂಡಿಸಿ ಟೆಂಡರ್ ಕರೆದದ್ದು ಅದಕ್ಕೆ ದೊಡ್ಡ ಕಾರಣ. ನಮ್ಮ ಒಂದು ಪಂಚಾಯತಿನಿಂದ ಅಷ್ಟು ಇಳಿಯದು, ಆದರೆ ಮಂಜೇಶ್ವರ, ಕಾಸರಗೋಡು ಬ್ಲಾಕುಗಳು ಸೇರಿದರೆ ವ್ಯಾಪಾರಿ ಮಾತಾಡುವ ಧಾಟಿಯೇ ಬದಲಾಗುತ್ತದೆ.

ಪೈವಳಿಕೆಯ ಯುವಕ

ನಮ್ಮ ಊರಿನ ಕೊಮ್ಮಂಗಳದಲ್ಲಿ 50 ಮೆಗಾವ್ಯಾಟಿನ ಸೋಲಾರ್ ಪಾರ್ಕ್ ಉಂಟು, ಟಿಎಚ್‌ಡಿಸಿ ಅನ್ನುವ ಸಾರ್ವಜನಿಕ ವಲಯದ ಕಂಪೆನಿಯದ್ದು. ಪೈವಳಿಕೆ, ಮೀಂಜ, ಚಿಪ್ಪಾರಿನಲ್ಲಿ ಸುಮಾರು 250 ಎಕರೆ. 2021ರ ಫೆಬ್ರವರಿಯಲ್ಲಿ ಪ್ರಧಾನಿಗಳು ಉದ್ಘಾಟನೆ ಮಾಡಿದರು. ಆ ಪಾರೆಯಲ್ಲಿ ನಾವು ಚಿಕ್ಕಂದಿನಲ್ಲಿ ದನ ಮೇಯಿಸಿದ್ದೇವೆ. ಅಷ್ಟು ಕರೆಂಟು ನಮ್ಮ ನೆಲದಿಂದ ಹೋಗುತ್ತದೆ, ಪಕ್ಕದ ಮನೆಯ ಸ್ಲ್ಯಾಬಿಗೆ ಒಂದು ಬಿಳಿ ಲೇಪ ಇಲ್ಲ. ಜಾಗ ಕೊಟ್ಟ ಊರುಗಳಿಗೆ ಮನೆ ಸುಧಾರಣೆಯಲ್ಲಿ ಮೊದಲ ಪಾಲು ಸಿಗಬೇಕು ಅಂತ ನಾನು ಕೇಳುತ್ತೇನೆ.

ಒಂದು ಪ್ರಶ್ನೆಯೂ ಉಂಟು. ನಮ್ಮ ಮನೆ ತೋಟದ ಮಧ್ಯೆ. ತೆಂಗು, ಕಂಗಿನ ನೆರಳು ಮಾಡಿನ ಮೇಲೆ ಬೀಳುತ್ತದೆ. ಸೋಲಾರ್ ಹಾಕಿಸಬಹುದಾ?

ಕುಂಬಳೆ ವೈರಿಂಗ್

ತಮ್ಮಾ, ಬೆಳಿಗ್ಗೆ ಒಂಬತ್ತರಿಂದ ಮೂರರವರೆಗೆ ಮಾಡಿನ ಮೇಲೆ ನೆರಳು ಹೇಗೆ ಸರಿಯುತ್ತದೆ ಅಂತ ಮೊದಲು ನೋಡು. ಸಾಮಾನ್ಯ ಜೋಡಣೆಯಲ್ಲಿ ಒಂದು ಪ್ಯಾನೆಲ್ ಮೇಲೆ ಮಡಲಿನ ನೆರಳು ಬಿದ್ದರೂ ಆ ಸಾಲಿನ ಎಲ್ಲ ಪ್ಯಾನೆಲ್‌ಗಳ ಉತ್ಪಾದನೆ ಇಳಿಯಬಹುದು. ಪ್ರತಿ ಪ್ಯಾನೆಲಿಗೆ ಬೇರೆ ಬೇರೆಯಾಗಿ ಸಣ್ಣ ಮೈಕ್ರೋ ಇನ್ವರ್ಟರ್ ಹಾಕಿದರೆ ಅದನ್ನು ತಪ್ಪಿಸಬಹುದು, ಖರ್ಚು ಹೆಚ್ಚು. ಅಡಿಕೆ ಒಣಗಿಸುವ ಅಂಗಳದ ಬದಿಯಲ್ಲಿ ಬಿಸಿಲು ಬೀಳುವ ಶೆಡ್ ಇದ್ದರೆ ಅದರ ಮೇಲೆ ಹಾಕುವುದು ಮೇಲು. ಒಂದು ಕಿಲೋವ್ಯಾಟಿಗೆ ನೆರಳಿಲ್ಲದ ಹತ್ತು ಚದರ ಮೀಟರ್ ಜಾಗ ಅಂತ ಅಂದಾಜು. ಬಿಸಿಲು ಚೆನ್ನಾಗಿದ್ದರೆ ದಿನಕ್ಕೆ ನಾಲ್ಕು ಯೂನಿಟ್, ಮಳೆಗಾಲದ ಆಟಿ ತಿಂಗಳಲ್ಲಿ ಅಷ್ಟನ್ನು ಎದುರು ನೋಡಬೇಡ.

ಬಾವಿಯ ಪಂಪು ಹಳೆಯದಾದರೆ ಅದನ್ನೂ ನೋಡಿಸು. ಫುಟ್‌ವಾಲ್ವ್ ಸೋರುವ ಪಂಪು ಅರ್ಧ ಗಂಟೆಯ ಕೆಲಸಕ್ಕೆ ಒಂದು ಗಂಟೆ ಓಡುತ್ತದೆ.

ಬೇಳದ ಕೃಷಿಕ

ಇಷ್ಟು ಚರ್ಚೆಯ ಮೇಲೆ ಗ್ರಾಮಸಭೆಗೆ ಕೊಡುವ ಕರಡನ್ನು ಹೀಗೆ ಬರೆದಿದ್ದೇನೆ.

ಹಾಸಿಗೆ ಹಿಡಿದವರು, ಎಂಡೋಸಲ್ಫಾನ್ ಸಂತ್ರಸ್ತರು, ಒಂಟಿ ಹಿರಿಯರು ಇರುವ ಸ್ಲ್ಯಾಬ್ ಮನೆಗಳ ಪಟ್ಟಿಯನ್ನು ಆಶಾ ಕಾರ್ಯಕರ್ತೆಯರು ಮತ್ತು ಹಾಸಿಗೆ ಹಿಡಿದವರ ಆರೈಕೆ ನೋಡುವ ಪಾಲಿಯೇಟಿವ್ ತಂಡದ ನೆರವಿನಿಂದ ಮೊದಲು ಮಾಡಬೇಕು. ಆ ಮನೆಗಳ ಮಾಡಿಗೆ ಲೇಪ, ಫ್ಯಾನು, ಗಾಳಿಗೆ ಕಿಟಕಿ ಪಂಚಾಯತಿನ ಯೋಜನಾ ನಿಧಿಯಿಂದ ಪೂರ್ತಿ ಅನುದಾನವಾಗಿ ಆಗಬೇಕು. ಉಳಿದ ಮನೆಗಳಿಗೆ ತರಬೇತಿ ಪಡೆದ ಇಬ್ಬರು ಬಂದು ವೈರಿಂಗ್, ಅರ್ಥಿಂಗ್, ಫ್ಯಾನು, ಪಂಪು, ಮಾಡು ನೋಡಿ, ಮೊದಲು ಮಾಡಬೇಕಾದದ್ದು ಯಾವುದು ಅಂತ ಒಂದು ಹಾಳೆಯಲ್ಲಿ ಕನ್ನಡದಲ್ಲಿ ಬರೆದು ಕೊಡಬೇಕು. ಸೋಲಾರ್ ಎಷ್ಟು ಬೇಕು ಅನ್ನುವುದನ್ನು ಆ ಹಾಳೆಯ ಮೇಲೆಯೇ ನಿರ್ಧರಿಸಬೇಕು. ಸಣ್ಣ ಸಾಲ ಮತ್ತು ಸಬ್ಸಿಡಿ ಬರುವವರೆಗಿನ ಕೈಸಾಲ ಸಹಕಾರಿ ಬ್ಯಾಂಕಿನದು, ಕೆಲಸದವರ ಒಂದು ಪಾಲು ಹಣ ಮಳೆಗಾಲ ಕಳೆಯುವವರೆಗೆ ಅಲ್ಲೇ. ಕಾಸರಗೋಡು, ಮಂಜೇಶ್ವರ ತಾಲೂಕುಗಳು ಭಾಷಾ ಅಲ್ಪಸಂಖ್ಯಾತರ ಪ್ರದೇಶ ಆದ್ದರಿಂದ ಅರ್ಜಿ, ಕರಾರು, ದೂರಿನ ಫಾರಂ ಕನ್ನಡದಲ್ಲೂ ಇರಲೇಬೇಕು. ಬದಲಿಸಿದ ಹಳೆಯ ಟ್ಯೂಬು, ಸಿಎಫ್‌ಎಲ್‌ಗಳಲ್ಲಿ ಪಾದರಸ ಇರುವುದರಿಂದ ಮನೆಮನೆಯಿಂದ ಕಸ ಸಂಗ್ರಹಿಸುವ ಹರಿತ ಕರ್ಮ ಸೇನೆಯ ಮೂಲಕವೇ ಹೋಗಬೇಕು.

ಏನಾದರೂ ಬಿಟ್ಟಿದ್ದರೆ ಹೇಳಿ.

ಮುಳ್ಳೇರಿಯದ ಗೃಹಿಣಿ

ಕನೆಕ್ಷನ್ ತೀರಿಹೋದವರ ಹೆಸರಲ್ಲಿರುವ ಮನೆಗಳಿಗೆ ಹೆಸರು ಬದಲಿಸಿಕೊಡುವ ಒಂದು ದಿನದ ಶಿಬಿರ ಪಂಚಾಯತ್ ಕಚೇರಿಯಲ್ಲೇ ಆಗಲಿ ಅಂತ ಸೇರಿಸಿ. ಕೆಎಸ್‌ಇಬಿಯವರನ್ನು ಅಲ್ಲಿಗೇ ಕರೆಸಿದರೆ ಅರ್ಧ ಅಲೆದಾಟ ತಪ್ಪುತ್ತದೆ.

ಪೆರ್ಲದ ಟೀಚರ್

ಇದೇ ಕರಡನ್ನು ಎಣ್ಮಕಜೆಯಲ್ಲೂ ಕೊಡುತ್ತೇವೆ. ನಮ್ಮ ವಾರ್ಡಿನ ಮನೆಗಳ ಪಟ್ಟಿಗೆ ಪಾಲಿಯೇಟಿವ್ ಸಿಸ್ಟರ್ ಹತ್ತಿರ ಮಾತಾಡಿ ಆಗಿದೆ, ಒಪ್ಪಿದ್ದಾರೆ. ಉಪ್ಪಳದ ತಂಗಿ, ಒಂದೆರಡು ಮನೆಗಳಲ್ಲಿ ಲೇಪ ಹಚ್ಚುವ ಮೊದಲು ಮತ್ತು ನಂತರ ಸ್ಲ್ಯಾಬಿನ ಅಡಿಯ ಉಷ್ಣತೆ ಅಳೆದು ಬರೆದಿಡಲು ಕಾಲೇಜಿನಿಂದ ಬರಲು ಆಗುತ್ತದಾ? ಅಂಕಿ ಕೈಯಲ್ಲಿದ್ದರೆ ಜಿಲ್ಲಾ ಪಂಚಾಯತಿನಲ್ಲಿ ಮಾತಾಡುವುದು ಸುಲಭ.

ಉಪ್ಪಳದ ಆರ್ಕಿಟೆಕ್ಚರ್ ವಿದ್ಯಾರ್ಥಿನಿ

ಖಂಡಿತ ಬರುತ್ತೇವೆ ಟೀಚರ್. ಮಧ್ಯಾಹ್ನ ಎರಡಕ್ಕೆ ಮತ್ತು ರಾತ್ರಿ ಹತ್ತಕ್ಕೆ ಎರಡು ಸಲ ಅಳೆಯಬೇಕು, ರಾತ್ರಿಯ ಅಂಕಿಯೇ ಮುಖ್ಯ. ಲೇಪ ಹಚ್ಚದ ಅದೇ ಅಳತೆಯ ಒಂದು ಮನೆಯನ್ನೂ ಜೊತೆಗೆ ಅಳೆದರೆ ಹವೆಯ ಏರುಪೇರು ಗೊತ್ತಾಗುತ್ತದೆ. ಮಾರ್ಚ್‌ನೊಳಗೆ ಶುರು ಮಾಡೋಣ.

ಕುಂಬಳೆ ವೈರಿಂಗ್

ಮನೆ ನೋಡಲು ಬರುವ ಇಬ್ಬರಲ್ಲಿ ಒಬ್ಬ ನಾನಾಗುತ್ತೇನೆ, ಭಾನುವಾರ ಬಿಡುವು ಉಂಟು. ನೋಡಿಸಬೇಕು ಅನ್ನುವವರು ಕಳೆದ ಒಂದು ವರ್ಷದ ಬಿಲ್ಲುಗಳನ್ನು ತೆಗೆದಿಡಿ, ಬೇಸಗೆಯದ್ದೂ ಮಳೆಗಾಲದ್ದೂ ಎರಡೂ ಬೇಕು. ಇಲ್ಲಿ ಫೋಟೋ ಹಾಕುವುದಾದರೆ ಹೆಸರು, ಕನ್ಸ್ಯೂಮರ್ ನಂಬರ್ ಮುಚ್ಚಿ ಹಾಕಿ.